ನೆಟ್ಟ ಗೆಡ್ಡೆ ಯಾರ ಪಾಲು?

1562ರ ಸುಮಾರಿಗೆ ಆಂಟ್‌ವರ್ಪ್‌ನ ಒಬ್ಬ ವ್ಯಾಪಾರಿಗೆ ಕಾನ್‌ಸ್ಟಾಂಟಿನೋಪಲ್‌ನಿಂದ ಬಟ್ಟೆಯ ಮೂಟೆಗಳ ಜೊತೆ ಒಂದಿಷ್ಟು ಗೆಡ್ಡೆಗಳೂ ಬಂದವು. ಇದೇನೋ ಈರುಳ್ಳಿಯ ಜಾತಿ ಎಂದುಕೊಂಡ ಅವನು ಕೆಲವನ್ನು ಕೆಂಡದಲ್ಲಿ ಸುಟ್ಟು, ಎಣ್ಣೆ ವಿನಿಗರ್ ಬೆರೆಸಿ ತಿಂದ. ಉಳಿದವನ್ನು ಎಲೆಕೋಸಿನ ಮಡಿಯಲ್ಲಿ ಹುಗಿದ. ಅವು ಟುಲಿಪ್ ಗೆಡ್ಡೆಗಳಾಗಿದ್ದವು. ಈ ಪ್ರಸಂಗವನ್ನು ಬರೆದಿಟ್ಟ ಸಸ್ಯಶಾಸ್ತ್ರಜ್ಞ ಕ್ಲೂಸಿಯಸ್ 1593ರಲ್ಲಿ ಲೈಡನ್ ವಿಶ್ವವಿದ್ಯಾಲಯದ ತೋಟಕ್ಕೆ ಬಂದ. ಮರುವರ್ಷ ಅವನ ಟುಲಿಪ್‌ಗಳು ಅರಳಿದವು. ಅರಳಿದ ಮೇಲೆ ಕಳ್ಳರು ಬಂದು ಗೆಡ್ಡೆ ಕಿತ್ತುಕೊಂಡು ಹೋದರು. ಯುರೋಪಿನ ತೋಟಗಳಲ್ಲಿ ಟುಲಿಪ್ ಗೆಡ್ಡೆಯನ್ನು ತಿಂದವರ, ಕದ್ದವರ ಹಳೆಯ ದಾಖಲೆ ಹುಡುಕಿದರೆ ಸಿಗುವುದು ಅಳಿಲಲ್ಲ, ಮನುಷ್ಯ.

ಇನ್ನೊಂದು ದಾಖಲೆ ಅಷ್ಟು ತಮಾಷೆಯದಲ್ಲ. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲ, 1944–45. ಜರ್ಮನ್ನರ ಹಿಡಿತದಲ್ಲಿದ್ದ ಪಶ್ಚಿಮ ನೆದರ್‌ಲೆಂಡ್ಸ್‌ಗೆ ಆಹಾರ ಬರುವ ದಾರಿಗಳೆಲ್ಲ ಮುಚ್ಚಿಹೋದಾಗ ಡಚ್ಚರು ಉಗ್ರಾಣಗಳಲ್ಲಿ ಉಳಿದಿದ್ದ ಟುಲಿಪ್ ಗೆಡ್ಡೆಗಳನ್ನು ಬೇಯಿಸಿ ತಿಂದರು. ಸಿಪ್ಪೆ ಸುಲಿದು, ನಡುವಿನ ಹಳದಿ ಮೊಳಕೆಯನ್ನು ತೆಗೆದುಹಾಕಿ, ಉಳಿದದ್ದನ್ನು ಸೂಪಿಗೋ ಹಿಟ್ಟಿಗೋ ಬಳಸುವ ವಿಧಾನವನ್ನು ಮನೆಮನೆಗೆ ಹೇಳಿಕೊಡಲಾಗಿತ್ತು. ಆಗ ಹದಿಹರೆಯದ ಹುಡುಗಿಯಾಗಿದ್ದ, ಮುಂದೆ ಹಾಲಿವುಡ್ ತಾರೆಯಾದ ಆಡ್ರಿ ಹೆಪ್‌ಬರ್ನ್ ಕೂಡ ಆ ಊಟ ಉಂಡವರೇ.

ಈ ಎರಡು ಪ್ರಸಂಗಗಳನ್ನು ಮೊದಲಿಗೇ ಹೇಳಲು ಕಾರಣವಿದೆ. ವಸಂತದ ಹೂಗೆಡ್ಡೆಗಳನ್ನು ಪ್ರಾಣಿಗಳಿಂದ ಕಾಪಾಡುವುದು ಹೇಗೆಂಬ ಚರ್ಚೆ ಸಾಮಾನ್ಯವಾಗಿ ಅಳಿಲಿನ ತುಂಟತನ, ಜಿಂಕೆಯ ದುರಾಸೆ ಎಂಬ ಧಾಟಿಯಲ್ಲೇ ಶುರುವಾಗುತ್ತದೆ. ಆದರೆ ಹಸಿದವರು ಮನುಷ್ಯರಾಗಲಿ, ಪ್ರಾಣಿಗಳಾಗಲಿ, ಟುಲಿಪ್ ಗೆಡ್ಡೆ ಎಂದರೆ ಪಿಷ್ಟ ಮತ್ತು ಸಕ್ಕರೆ ತುಂಬಿಟ್ಟ ಉಗ್ರಾಣ. ಗಿಡ ಅದನ್ನು ತನ್ನ ಮುಂದಿನ ವರ್ಷಕ್ಕೆಂದು ಕೂಡಿಟ್ಟಿರುತ್ತದೆ. ಚಳಿಗಾಲಕ್ಕೆ ಮುಂಚೆ ಹೊಟ್ಟೆ ತುಂಬಿಸಿಕೊಳ್ಳಬೇಕಾದ ಪ್ರಾಣಿಗೆ ಅದನ್ನು ತಿನ್ನಬೇಡವೆಂದು ಹೇಳಬಲ್ಲ ಪುಡಿ, ದ್ರಾವಣ, ಯಂತ್ರ ಯಾವುದೂ ಅಂಗಡಿಯಲ್ಲಿ ಸಿಗುವುದಿಲ್ಲ. ಸಿಗುತ್ತದೆಂದು ಮಾರುವವರು ಮಾತ್ರ ಬಹಳ ಜನ.

ನಮ್ಮ ಊರುಗಳಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಟುಲಿಪ್ ಗೆಡ್ಡೆಗೆ ಹೂವಿನ ಕಡ್ಡಿ ಹೊರಡಿಸಲು ಮೂರು ತಿಂಗಳಿಗೂ ಮೀರಿದ ಶೀತ ಬೇಕು. ಬೆಂಗಳೂರಿನ ಚಳಿ ಅದಕ್ಕೆ ಲೆಕ್ಕಕ್ಕಿಲ್ಲ. ಆದರೆ ನ್ಯೂಜೆರ್ಸಿ, ಮಿಷಿಗನ್, ಟೊರಾಂಟೊ, ಲಂಡನ್ನಿನ ಹೊರವಲಯಗಳಲ್ಲಿ ಹಿತ್ತಿಲಿರುವ ಮನೆ ಕೊಂಡ ಕನ್ನಡದ ಕುಟುಂಬಗಳಿಗೆ ಇದು ವರ್ಷವರ್ಷದ ಪ್ರಶ್ನೆ. ದಸರಾ ಬೊಂಬೆ ಒಳಗಿಟ್ಟು ದೀಪಾವಳಿಯ ಹಣತೆ ಹುಡುಕುವ ಹೊತ್ತಿಗೆ ಅಲ್ಲಿನ ಅಂಗಡಿಗಳಲ್ಲಿ ಬಲೆಚೀಲದ ತುಂಬ ಗೆಡ್ಡೆಗಳು ಬಂದಿರುತ್ತವೆ. ಭಾನುವಾರ ಮಕ್ಕಳನ್ನೂ ಕೂರಿಸಿಕೊಂಡು ನೆಟ್ಟರೆ ಸೋಮವಾರ ಬೆಳಿಗ್ಗೆ ಮಡಿಯ ತುಂಬ ಗುಂಡಿ. ಊರಿಗೆ ಫೋನು ಮಾಡಿ ಹೇಳಿದರೆ, ಸೇತುವೆ ಕಟ್ಟಲು ಮರಳು ಹೊತ್ತ ಅಳಿಲು ಹಾಗೆ ಮಾಡುತ್ತದೆಯೇ ಎಂದು ಅಜ್ಜಿಗೆ ನಂಬಿಕೆ ಬರುವುದಿಲ್ಲ. ಅಜ್ಜಿಯ ಮಾತಿನಲ್ಲೂ ಒಂದು ನಿಜವಿದೆ. ಅಲ್ಲಿನ ಬೂದು ಅಳಿಲಿನ ಬೆನ್ನ ಮೇಲೆ ರಾಮ ಎಳೆದ ಗೆರೆಗಳಿಲ್ಲ, ತೂಕದಲ್ಲೂ ಅದು ನಮ್ಮ ಅಳಿಲಿನ ನಾಲ್ಕೈದು ಪಟ್ಟು. ಗೆರೆಯುಳ್ಳ ಚಿಪ್‌ಮಂಕ್ ಬೇರೆಯೇ ಇದೆ, ಅದೂ ಗೆಡ್ಡೆಗಳ್ಳನೇ.

ಎಲ್ಲಕ್ಕಿಂತ ಮೊದಲು ತಿಂದವರು ಯಾರೆಂದು ಪತ್ತೆ ಮಾಡಬೇಕು. ಹೆಚ್ಚಿನವರು ಈ ಮೆಟ್ಟಿಲನ್ನು ಹಾರಿ ನೇರವಾಗಿ ಅಂಗಡಿಗೆ ಹೋಗುತ್ತಾರೆ, ಜಿಂಕೆಗೆಂದು ಮಾಡಿದ ದ್ರಾವಣ ತಂದು ಇಲಿಯ ಬಿಲದ ಮೇಲೆ ಸಿಂಪಡಿಸುತ್ತಾರೆ. ನೆಟ್ಟ ಒಂದೆರಡು ದಿನದಲ್ಲೇ ಅಗಲ ಬಾಯಿಯ ಸಣ್ಣ ಗುಂಡಿಗಳು ಕಂಡು, ಅರ್ಧ ಕಚ್ಚಿದ ಗೆಡ್ಡೆ ಪಕ್ಕದಲ್ಲೇ ಬಿದ್ದಿದ್ದರೆ ಅದು ಹಗಲುಗಳ್ಳ ಅಳಿಲು. ಶರತ್ಕಾಲದಲ್ಲಿ ಬೂದು ಅಳಿಲು ಓಕ್ ಕಾಯಿಗಳನ್ನು ಒಂದೊಂದಾಗಿ ಬೇರೆಬೇರೆ ಜಾಗದಲ್ಲಿ ಹುಗಿದಿಡುತ್ತದೆ. ಬೇರೆ ಅಳಿಲುಗಳು ಹುಗಿದದ್ದನ್ನು ಕದಿಯುವುದೂ ಅದರ ಕಸುಬು. ಹಾಗಾಗಿ ಈಗತಾನೆ ಕೆದಕಿ ಮುಚ್ಚಿದ ಮಣ್ಣು ಎಂದರೆ ಅದರ ಕಣ್ಣಿಗೆ ಯಾರೋ ಬಚ್ಚಿಟ್ಟ ಗಂಟು. ಎಷ್ಟೋ ಸಲ ಅದು ಅಗೆಯುವುದು ಗೆಡ್ಡೆಯ ಆಸೆಗಲ್ಲ, ಮಣ್ಣು ಸಡಿಲವಾಗಿದೆ ಎಂಬ ಕಾರಣಕ್ಕೆ. ಕಿತ್ತ ಗೆಡ್ಡೆಯನ್ನು ಒಯ್ದು ಇನ್ನೆಲ್ಲೋ ಹುಗಿಯುವುದೂ ಉಂಟು. ಏಪ್ರಿಲ್‌ನಲ್ಲಿ ಪಕ್ಕದ ಮನೆಯವರ ಹುಲ್ಲಿನ ನಡುವೆ ನಿಮ್ಮ ಕೆಂಪು ಟುಲಿಪ್ ಒಂಟಿಯಾಗಿ ನಿಂತಿದ್ದರೆ ಆಶ್ಚರ್ಯಪಡಬೇಡಿ.

ವೋಲ್ ಎಂಬ ಗಿಡ್ಡ ಬಾಲದ ಇಲಿಯ ಕೆಲಸ ಇದಕ್ಕೆ ತದ್ವಿರುದ್ಧ. ಮೇಲೆ ಏನೂ ಗುರುತಿಲ್ಲ. ಚಳಿಗಾಲವಿಡೀ ಹಿಮದ ಹೊದಿಕೆಯಡಿ, ನರಿ ಗೂಬೆಗಳ ಕಣ್ಣಿಗೆ ಬೀಳದೆ, ನೆಲಮಟ್ಟದಲ್ಲೂ ನೆಲದೊಳಗೂ ಓಡಾಡಿಕೊಂಡು ಅದು ಸಾಲಿಗೆ ಸಾಲೇ ಮುಗಿಸಿರುತ್ತದೆ. ಮಾರ್ಚ್‌ನಲ್ಲಿ ಹಿಮ ಕರಗಿದಾಗ ಹುಲ್ಲಿನಲ್ಲಿ ಎರಡು ಬೆರಳಗಲದ ಸವೆದ ದಾರಿಗಳು ಕಾಣುತ್ತವೆ, ಹೂವು ಮಾತ್ರ ಮೇಲೇಳುವುದಿಲ್ಲ. ಎದ್ದ ಎಲೆಯನ್ನು ಮೆಲ್ಲಗೆ ಎಳೆದರೆ ಕೈಗೇ ಬರುತ್ತದೆ, ಕೆಳಗೆ ಗೆಡ್ಡೆಯೇ ಇಲ್ಲ. ಇದರ ಅಪವಾದ ಹೊರುವುದು ಪಾಪದ ಮೋಲ್. ಮಣ್ಣು ಉಬ್ಬಿಸಿ ಸುರಂಗ ತೋಡುವ ಆ ಪ್ರಾಣಿಯ ಊಟ ಎರೆಹುಳು ಮತ್ತು ಗೊಣ್ಣೆಹುಳು. ಗೆಡ್ಡೆಯನ್ನು ಅದು ಮೂಸುವುದೂ ಇಲ್ಲ. ಅದು ತೋಡಿದ ಸುರಂಗದಲ್ಲಿ ವೋಲ್ ಬಾಡಿಗೆ ಕೊಡದೆ ಓಡಾಡುತ್ತದೆ ಅಷ್ಟೆ.

ನೆಲದ ಮೇಲಿನ ಭಾಗಕ್ಕೆ ಬಂದರೆ ಹಲ್ಲಿನ ಗುರುತೇ ಸಾಕ್ಷಿ. ಮೊಲದ ಬಾಚಿಹಲ್ಲು ಎಲೆಯನ್ನು ಕತ್ತರಿಯಿಂದ ಓರೆಯಾಗಿ ಕತ್ತರಿಸಿದ ಹಾಗೆ ನಯವಾಗಿ ಕಡಿಯುತ್ತದೆ. ಜಿಂಕೆಗೆ ಮೇಲ್ದವಡೆಯಲ್ಲಿ ಮುಂಬಲ್ಲುಗಳಿಲ್ಲ, ಅದು ಹಿಡಿದು ಹರಿಯುತ್ತದೆ, ತುದಿ ಚಿಂದಿಯಾಗಿರುತ್ತದೆ. ಬ್ರಿಟನ್ನಿನಲ್ಲಿ ಬ್ಯಾಜರ್ ರಾತ್ರೋರಾತ್ರಿ ಇಡೀ ಮಡಿಯನ್ನೇ ಉತ್ತು ಹೋಗುವುದುಂಟು. ಅಲ್ಲಿಯ ಗುಬ್ಬಚ್ಚಿಗಳಿಗೆ ಹಳದಿ ಕ್ರೋಕಸ್ ಕಂಡರೆ ಏನಾಗುತ್ತದೋ, ಎಸಳುಗಳನ್ನು ಕೊಕ್ಕಿನಿಂದ ಚೂರುಚೂರು ಮಾಡಿ ಬಿಸಾಡುತ್ತವೆ. ಪಕ್ಕದ ನೇರಳೆ ಕ್ರೋಕಸ್ಸಿಗೆ ಅಷ್ಟು ಕಾಟವಿಲ್ಲ.

ಇಷ್ಟೊಂದು ಅಳಿಲುಗಳು ಊರೊಳಗೆ ಬಂದದ್ದು ಹೇಗೆ ಎಂಬ ಪ್ರಶ್ನೆಗೆ ಒಂದು ಮುಜುಗರದ ಉತ್ತರವಿದೆ. ನಾವೇ ತಂದು ಬಿಟ್ಟದ್ದು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ಪೂರ್ವ ಕರಾವಳಿಯ ನಗರಗಳಲ್ಲಿ ಬೂದು ಅಳಿಲು ಕಾಣುವುದೇ ಅಪರೂಪವಾಗಿತ್ತು. 1847ರಲ್ಲಿ ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಸ್ಕ್ವೇರ್‌ನಲ್ಲಿ ಮೂರು ಅಳಿಲುಗಳನ್ನು ತಂದು ಬಿಟ್ಟರು, ಅವುಗಳಿಗೆ ಗೂಡು ಕಟ್ಟಿಕೊಟ್ಟರು, ತಿಂಡಿ ಹಾಕಿದರು. ಬಾಸ್ಟನ್ ಅದನ್ನು ಅನುಸರಿಸಿತು. 1877ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೂ ಬಿಟ್ಟರು. ಅಳಿಲಿಗೆ ಕಾಳು ಹಾಕಿದ ಮಕ್ಕಳು ದಯಾಳುಗಳಾಗಿ ಬೆಳೆಯುತ್ತಾರೆ ಎಂಬುದು ಆ ಕಾಲದ ನಂಬಿಕೆ. ಬ್ರಿಟನ್ನಿನ ಶ್ರೀಮಂತರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಮ್ಮ ದ್ವೀಪದಲ್ಲಿ ಎಂದೂ ಇರದಿದ್ದ ಈ ಪ್ರಾಣಿಯನ್ನು ಹಡಗಿನಲ್ಲಿ ತರಿಸಿ 1876ರಲ್ಲಿ ಚೆಷೈರ್‌ನ ಹೆನ್‌ಬರಿ ಪಾರ್ಕಿನಲ್ಲಿ ಬಿಟ್ಟರು. ಅಲ್ಲಿನ ಮೂಲ ಕೆಂಪು ಅಳಿಲು ಈಗ ಇಂಗ್ಲೆಂಡಿನ ಬಹುಭಾಗದಲ್ಲಿ ಇಲ್ಲವಾಗಿದೆ. ಮಾಡಿದ್ದುಣ್ಣೋ ಮಹರಾಯ.

ವಾಷಿಂಗ್‌ಟನ್‌ನ ಶ್ವೇತಭವನಕ್ಕೂ ಈ ಜಗಳ ತಪ್ಪಲಿಲ್ಲ. ಅಧ್ಯಕ್ಷ ಐಸೆನ್‌ಹೋವರ್ ಅಂಗಳದಲ್ಲಿ ಹಾಕಿಸಿದ್ದ ಗಾಲ್ಫ್ ಹುಲ್ಲುಹಾಸನ್ನು ಅಳಿಲುಗಳು ಕೆರೆದು ಹಾಳುಮಾಡಿದವೆಂದು 1955ರಲ್ಲಿ ಅವುಗಳನ್ನು ಬೋನಿಟ್ಟು ಹಿಡಿದು ದೂರ ಸಾಗಿಸಿದರು. ಒರೆಗಾನ್‌ನ ಸೆನೆಟರ್ ನ್ಯೂಬರ್ಗರ್ ಅದನ್ನು ವಿರೋಧಿಸಿ ಅಳಿಲು ರಕ್ಷಣಾ ನಿಧಿಯನ್ನೇ ತೆರೆದರು. ಜಗತ್ತಿನ ಅತಿ ಬಲಿಷ್ಠ ಸೈನ್ಯದ ಒಡೆಯನೂ ಅಳಿಲಿನ ವಿಷಯದಲ್ಲಿ ಪತ್ರಿಕೆಗಳಿಂದ ಬೈಸಿಕೊಂಡ.

ಉಪಾಯಗಳಿಗೆ ಬರೋಣ. ಅಂಗಡಿ, ಪುಸ್ತಕ, ನೆರೆಹೊರೆ ಹೇಳುವ ನೂರೆಂಟು ಸಲಹೆಗಳನ್ನು ಜರಡಿ ಹಿಡಿದರೆ ಉಳಿಯುವುದು ಮೂರೇ ಬಗೆ. ಅವು ತಿನ್ನದ್ದನ್ನು ನೆಡುವುದು, ಬಾಯಿಗೆ ಎಟುಕದಂತೆ ತಡೆಯುವುದು, ಹೆದರಿಸುವುದು. ಮೊದಲನೆಯದು ಬಹುಮಟ್ಟಿಗೆ ನಂಬಬಹುದಾದದ್ದು, ಎರಡನೆಯದು ಶ್ರಮ ಬೇಡುತ್ತದೆ. ಮೂರನೆಯದರಿಂದ ಸಿಗುವುದು ಕೆಲವು ದಿನಗಳ ಗಡುವು ಮಾತ್ರ, ಆದರೆ ಕೆಲವೊಮ್ಮೆ ಅಷ್ಟೇ ಸಾಕಾಗುತ್ತದೆ ಎಂಬುದನ್ನು ಮರೆಯಬಾರದು.

ತಿನ್ನದ ಗೆಡ್ಡೆ ಯಾವುದು, ಯಾಕೆ ತಿನ್ನುವುದಿಲ್ಲ ಎಂಬುದೇ ಈ ಇಡೀ ವಿಷಯದಲ್ಲಿ ನನಗೆ ಅತಿ ರುಚಿಕರವಾದ ಭಾಗ. ಡ್ಯಾಫೊಡಿಲ್ ಗೆಡ್ಡೆಯಲ್ಲಿ ಲೈಕೋರಿನ್ ಎಂಬ ಆಲ್ಕಲಾಯ್ಡ್ ಇದೆ, ತಿಂದರೆ ವಾಂತಿ ಗ್ಯಾರಂಟಿ. ಅದರ ಜೊತೆಗೆ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು. ಕೆಸುವಿನ ಸೊಪ್ಪನ್ನು ಹುಣಸೆಹುಳಿ ಹಾಕದೆ ಬೇಯಿಸಿ ಗಂಟಲು ಕೆರೆಸಿಕೊಂಡವರಿಗೆ ಈ ಹರಳಿನ ಪರಿಚಯ ಬೇರೆ ಬೇಡ, ಅದೇ ವಸ್ತು. ಹಯಸಿಂತ್ ಗೆಡ್ಡೆಗಳನ್ನು ಬರಿಗೈಯಲ್ಲಿ ವಿಂಗಡಿಸುವ ಕೂಲಿಗಳಿಗೆ ಕೈ ತುರಿಸುವುದೂ ಡ್ಯಾಫೊಡಿಲ್ ಕೊಯ್ಯುವವರ ಬೆರಳಿನ ಚರ್ಮ ಕೆಂಪಾಗಿ ಏಳುವುದೂ ಇದರಿಂದಲೇ. ಚಳಿ ಮುಗಿಯುವ ಮುಂಚೆಯೇ ತಲೆಬಾಗಿ ಅರಳುವ ಬಿಳಿ ಸ್ನೋಡ್ರಾಪ್‌ನಲ್ಲಿರುವುದು ಗ್ಯಾಲಂಟಮೈನ್. ಪ್ರಾಣಿಗೆ ಅದು ವಿಷ, ಮನುಷ್ಯನಿಗೆ ಅಲ್ಜೈಮರ್ ಕಾಯಿಲೆಯ ಮದ್ದು. 1950ರ ದಶಕದ ಆರಂಭದಲ್ಲಿ ಸೋವಿಯತ್ ವಿಜ್ಞಾನಿಗಳು ಅದನ್ನು ಸ್ನೋಡ್ರಾಪ್‌ನ ಒಂದು ಜಾತಿಯಿಂದ ಬೇರ್ಪಡಿಸಿದರು, 2001ರಲ್ಲಿ ಅಮೆರಿಕದಲ್ಲಿ ಅಲ್ಜೈಮರ್‌ಗೆ ಬಳಸಲು ಒಪ್ಪಿಗೆ ಸಿಕ್ಕಿತು. ಅಲಂಕಾರದ ಆಲಿಯಂ ಎಂದರೆ ಈರುಳ್ಳಿ ಬೆಳ್ಳುಳ್ಳಿಯ ದಾಯಾದಿ, ಗಂಧಕದ ವಾಸನೆಯೇ ಅದರ ಕಾವಲು. ಕ್ರೌನ್ ಇಂಪೀರಿಯಲ್ ಎಂಬ ಎತ್ತರದ ಕಿತ್ತಳೆ ಬಣ್ಣದ ಹೂವಿನ ಗೆಡ್ಡೆಯಂತೂ ನರಿಯ ನಾತ ಹೊಡೆಯುತ್ತದೆ. ನೆಡುವವರೇ ಮೂಗು ಮುಚ್ಚಿಕೊಳ್ಳಬೇಕು.

ಈ ಸಾಲಿಗೆ ನೀಲಿ ಸಿಲ್ಲಾ, ಮಸ್ಕಾರಿ, ಕಮಾಸಿಯಾಗಳನ್ನೂ ಸೇರಿಸುವುದು ವಾಡಿಕೆ. ಎದುರಿನ ಸಾಲಿನಲ್ಲಿ ಟುಲಿಪ್ ಮತ್ತು ಕ್ರೋಕಸ್, ಇವೆರಡು ಎಲ್ಲರಿಗೂ ಪ್ರಿಯ. ಕಾರ್ನೆಲ್ ವಿಶ್ವವಿದ್ಯಾಲಯದವರು ವೋಲ್‌ಗಳ ಮುಂದೆ ಬಗೆಬಗೆಯ ಗೆಡ್ಡೆ ಇಟ್ಟು ಯಾವುದನ್ನು ಎಷ್ಟು ತಿನ್ನುತ್ತವೆಂದು ಅಳೆದು ನೋಡಿದ್ದಾರೆ. ತೋಟಗಾರರು ಬಾಯಿಮಾತಿನಲ್ಲಿ ಹೇಳುತ್ತ ಬಂದದ್ದಕ್ಕೂ ಅದಕ್ಕೂ ಬಹುಪಾಲು ತಾಳೆಯಾಗುತ್ತದೆ. ಆದರೆ ಟುಲಿಪ್‌ಗಳ ಸುತ್ತ ಡ್ಯಾಫೊಡಿಲ್ ನೆಟ್ಟರೆ ಅದು ಅಂಗರಕ್ಷಕನಂತೆ ಕಾಯುತ್ತದೆ ಎಂಬ ಜನಪ್ರಿಯ ಸಲಹೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಡ್ಯಾಫೊಡಿಲ್‌ನ ವಿಷ ಅದರ ಗೆಡ್ಡೆಯೊಳಗಿದೆಯೇ ಹೊರತು ಸುತ್ತಲ ಮಣ್ಣಿನಲ್ಲಲ್ಲ. ಮದುವೆ ಊಟದಲ್ಲಿ ಹಾಗಲಕಾಯಿ ಪಲ್ಯವನ್ನು ಎಲೆಯ ಅಂಚಿಗೆ ಸರಿಸಿ ಹೋಳಿಗೆಗೆ ಕೈ ಹಾಕುವ ಮಗುವಿನಷ್ಟು ಬುದ್ಧಿ ವೋಲ್‌ಗೂ ಇದೆ.

ವಿಷವೆಂದ ಮೇಲೆ ಮನುಷ್ಯರಿಗೂ ಒಂದು ಎಚ್ಚರಿಕೆ. ಡ್ಯಾಫೊಡಿಲ್ ಗೆಡ್ಡೆಯನ್ನು ಈರುಳ್ಳಿ ಎಂದು, ಅದರ ಮೊಗ್ಗಿನ ಕಡ್ಡಿಯನ್ನು ತರಕಾರಿ ಎಂದು ಅಡುಗೆಗೆ ಹಾಕಿ ಆಸ್ಪತ್ರೆ ಸೇರಿದವರಿದ್ದಾರೆ. 2015ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆ, ಡ್ಯಾಫೊಡಿಲ್‌ಗಳನ್ನು ತರಕಾರಿಯ ಪಕ್ಕದಲ್ಲಿ ಇಡಬೇಡಿ ಎಂದು ಸೂಪರ್‌ಮಾರ್ಕೆಟ್‌ಗಳಿಗೆ ಪತ್ರ ಬರೆಯಬೇಕಾಯಿತು. ಈರುಳ್ಳಿ ಹೂವಿನ ಪಲ್ಯ ಮಾಡುವ ನಮ್ಮವರ ಮನೆಗಳಲ್ಲಿ ಗೆಡ್ಡೆಯ ಚೀಲ ಅಡುಗೆಮನೆಗೆ ಬರದಿರುವುದೇ ಒಳ್ಳೆಯದು.

ಆಯ್ಕೆ ಒಂದರಿಂದಲೇ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ನ್ಯೂಯಾರ್ಕ್ ನಗರ ಸಾಕ್ಷಿ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಆ ಶರತ್ಕಾಲದಲ್ಲೇ ಒಬ್ಬ ಡಚ್ ಗೆಡ್ಡೆ ಬೆಳೆಗಾರ ಮತ್ತು ರಾಟರ್‌ಡ್ಯಾಮ್ ನಗರ ಸೇರಿ ಹತ್ತು ಲಕ್ಷ ಡ್ಯಾಫೊಡಿಲ್ ಗೆಡ್ಡೆಗಳನ್ನು ಕಾಣಿಕೆಯಾಗಿ ಕಳಿಸಿದರು. ಸ್ವಯಂಸೇವಕರು ಪಾರ್ಕು, ಬೀದಿ ಬದಿ, ಮರದ ಬುಡ ಎಲ್ಲೆಂದರಲ್ಲಿ ನೆಟ್ಟರು. ನೆಡುವ ಆ ಪದ್ಧತಿ ಇಂದಿಗೂ ನಡೆದಿದೆ. ಯಾರೂ ಜಾಲರಿ ಹಾಸಲಿಲ್ಲ, ಕಾವಲು ಕೂರಲಿಲ್ಲ. ಅಳಿಲುಗಳೇ ಆಳುವ ಊರಿನಲ್ಲಿ ಅವು ಪ್ರತಿ ಏಪ್ರಿಲ್ ಹಳದಿಯಾಗಿ ಏಳುತ್ತವೆ. ಅದೇ ಹತ್ತು ಲಕ್ಷ ಟುಲಿಪ್ ಆಗಿದ್ದಿದ್ದರೆ ಸೆಂಟ್ರಲ್ ಪಾರ್ಕಿನ ಅಳಿಲುಗಳಿಗೆ ಆ ವರ್ಷ ಹಬ್ಬ.

ಹಾಗಂತ ಟುಲಿಪ್ ಬೇಕೇ ಬೇಕು ಎನ್ನುವವರಿಗೆ ಡ್ಯಾಫೊಡಿಲ್ ನೆಡಿ ಎಂದರೆ ಸಮಾಧಾನವಾಗುತ್ತದೆಯೇ? ಅವರಿಗೆ ಉಳಿದ ದಾರಿ ಜಾಲರಿ. ಅಳಿಲಿಗಾದರೆ ಕೆಲಸ ಸುಲಭ. ನೆಟ್ಟು ಮುಗಿದ ಮಡಿಯ ಮೇಲೆ ಒಂದು ಇಂಚು ಕಣ್ಣಿನ ಕೋಳಿ ಜಾಲರಿ ಹಾಸಿ, ಅಂಚುಗಳಿಗೆ ಕಲ್ಲು ಹೇರಿ ಅಥವಾ ಕೊಕ್ಕೆ ಹೊಡೆದು, ಮೇಲೆ ತೆಳುವಾಗಿ ಒಣಎಲೆ ಹರಡಿದರೆ ಆಯಿತು. ಮೊಳಕೆ ಕಣ್ಣಿನ ನಡುವೆ ತೂರಿ ಬರುತ್ತದೆ. ಅಥವಾ ನೆಲ ಗಟ್ಟಿಯಾಗುತ್ತಿದ್ದಂತೆ, ಅಳಿಲುಗಳ ಹುಗಿಯುವ ಭರಾಟೆ ಮುಗಿದ ಮೇಲೆ ಜಾಲರಿ ಎತ್ತಿಬಿಡಬಹುದು. ಗೆಡ್ಡೆಯ ಒಣ ಸಿಪ್ಪೆಗಳನ್ನು ಮಡಿಯಲ್ಲೇ ಉದುರಿಸಿ ಬರಬಾರದು, ಅದು ಅಳಿಲಿಗೆ ವಿಳಾಸ ಬರೆದುಕೊಟ್ಟ ಹಾಗೆ. ಮಣ್ಣನ್ನು ಚೆನ್ನಾಗಿ ಅದುಮಿ, ನೀರು ಹಾಕಿ, ಅಗೆದ ಗುರುತು ಅಳಿಸಬೇಕು. ತಡವಾಗಿ ನೆಡುವುದೂ ಒಂದು ಜಾಣತನ. ಟುಲಿಪ್‌ಗೆ ನವೆಂಬರ್ ಏನೂ ತಡವಲ್ಲ. ಮಣ್ಣು 10 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದ ಮೇಲೆ ನೆಟ್ಟರೆ ರೋಗವೂ ಕಡಿಮೆ. ಆಳದ ವಿಷಯದಲ್ಲಿ ಗೆಡ್ಡೆಯ ಎತ್ತರದ ಮೂರು ಪಟ್ಟು ಎಂಬುದು ಸಾಮಾನ್ಯ ಲೆಕ್ಕ. ಟುಲಿಪ್‌ಗಾದರೆ 20 ಸೆಂಟಿಮೀಟರ್‌ವರೆಗೂ ಹೋಗಬಹುದು, ಅಷ್ಟು ಕೆಳಗೆ ಅಗೆಯುವ ತಾಳ್ಮೆ ಅಳಿಲಿಗೆ ಕಡಿಮೆ.

ವೋಲ್‌ಗೆ ಇದ್ಯಾವುದೂ ಲೆಕ್ಕವಿಲ್ಲ. ನೀವು ಚಾಪೆ ಕೆಳಗೆ ನುಸುಳಿದರೆ ಅದು ರಂಗೋಲಿ ಕೆಳಗೆ. ಬದಿಯಿಂದ, ತಳದಿಂದ ಬರುವ ಪ್ರಾಣಿಗೆ ಮೇಲೆ ಹಾಸಿದ ಜಾಲರಿ ಬರೀ ಚಾವಣಿ. ಅರ್ಧ ಇಂಚು ಅಥವಾ ಅದಕ್ಕೂ ಸಣ್ಣ ಕಣ್ಣಿನ ಗಟ್ಟಿ ವೆಲ್ಡ್ ಮೆಶ್‌ನಿಂದ ಬುಟ್ಟಿ ಮಾಡಿ, ತಳ ಮತ್ತು ಎಲ್ಲ ಬದಿ ಮುಚ್ಚಿ, ಅದರೊಳಗೆ ಗೆಡ್ಡೆ ನೆಡಬೇಕು. ಇಪ್ಪತ್ತು ಗೆಡ್ಡೆಗೆ ಇದು ಸರಿ, ಇನ್ನೂರಕ್ಕೆ ಬೆನ್ನು ಮುರಿಯುತ್ತದೆ. ಗುಂಡಿಗೆ ಚೂಪು ಅಂಚಿನ ಜಲ್ಲಿ ಅಥವಾ ಸುಟ್ಟು ಉಬ್ಬಿಸಿದ ಸ್ಲೇಟ್ ಕಲ್ಲಿನ ಚೂರು ತುಂಬುವುದು ಇನ್ನೊಂದು ಮಾರ್ಗ. ಅದರಲ್ಲಿ ಬಿಲ ತೋಡುವುದು ವೋಲ್‌ಗೆ ಇಷ್ಟವಾಗದು, ನೀರೂ ಸರಾಗ ಬಸಿಯುತ್ತದೆ. ಕುಂಡದಲ್ಲಿ ನೆಡುವುದೇ ಎಲ್ಲಕ್ಕಿಂತ ಸುಲಭ ಎಂದು ನನಗನ್ನಿಸುತ್ತದೆ. ಕುಂಡದ ಬಾಯಿಗೆ ಒಂದು ತುಂಡು ಜಾಲರಿ ಕಟ್ಟಿ, ಕೊರೆಯುವ ಚಳಿಯಲ್ಲಿ ಬಿಸಿ ಮಾಡದ ಗ್ಯಾರೇಜಿನಲ್ಲಿಟ್ಟು, ಮೊಳಕೆ ಬಂದಾಗ ಮುಂಬಾಗಿಲಿಗೆ ತರುವುದು. ಗ್ಯಾರೇಜಿನಲ್ಲೂ ಇಲಿ ಇರುತ್ತದೆ, ಜಾಲರಿ ಬಿಚ್ಚಬೇಡಿ.

ಹೆದರಿಸುವ ಮಾರ್ಗಗಳ ಪಟ್ಟಿ ಅಜ್ಜಿಮದ್ದಿನಷ್ಟು ಉದ್ದ: ಕತ್ತರಿಸಿದ ಕೂದಲು, ಸೋಪಿನ ತುಂಡು, ಕಾಫಿ ಚರಟ, ಒಣಗಿಸಿದ ರಕ್ತದ ಪುಡಿ, ಕೋಳಿಗೊಬ್ಬರ, ಹರಳೆಣ್ಣೆ, ತೋಳದ ಮೂತ್ರವೆಂದು ಮಾರುವ ಬಾಟಲಿ. ಎಲ್ಲಕ್ಕೂ ಒಂದೇ ಕೊರತೆ, ಮಳೆ ಬಂದರೆ ಹೋಯಿತು. ಮಳೆ ಬರದಿದ್ದರೂ ಪ್ರಾಣಿಗೆ ರೂಢಿಯಾಗುತ್ತದೆ. ಖಾರದ ಪುಡಿಗೆ ಮಾತ್ರ ವಿಜ್ಞಾನದ ಬೆಂಬಲವಿದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಸಸ್ತನಿಗಳ ಬಾಯಿ ಉರಿಸುತ್ತದೆ, ಹಕ್ಕಿಗಳಿಗೆ ಗೊತ್ತೇ ಆಗುವುದಿಲ್ಲ. ನೆಡುವ ಮುಂಚೆ ಗೆಡ್ಡೆಗೇ ಹಚ್ಚುವ ದ್ರಾವಣಗಳು ಅದರ ಮೇಲೆ ನಿಂತಿವೆ. ಕನ್ನಡದ ಮನೆಯಲ್ಲಿ ಈ ಕೆಲಸಕ್ಕೆ ಬ್ಯಾಡಗಿ ಪುಡಿ ಎತ್ತಿಕೊಂಡರೆ ಮಡಿ ಕೆಂಪಾಗುತ್ತದೆ ಅಷ್ಟೆ. ಬಣ್ಣಕ್ಕೆ ಹೆಸರಾದ ಮೆಣಸು ಅದು, ಖಾರಕ್ಕೆ ಗುಂಟೂರು ಬೇಕು. ಆದರೆ ಒಣ ಪುಡಿಯನ್ನು ನೆಲದ ಮೇಲೆ ಎರಚುವುದು ನನಗೆ ಸರಿಕಾಣುವುದಿಲ್ಲ. ಅಳಿಲು ಅದೇ ಕೈಯಿಂದ ಮುಖ ಒರೆಸಿಕೊಳ್ಳುತ್ತದೆ. ಗಾಳಿ ಬೀಸಿದರೆ ಆಟವಾಡುವ ಮಗುವಿನ ಕಣ್ಣೂ ಉರಿಯುತ್ತದೆ.

ಮೂರು ಸಂಗತಿಗಳನ್ನು ಖಚಿತವಾಗಿ ಬೇಡ ಎನ್ನಬಹುದು. ಗೆಡ್ಡೆಯ ಕೆಳಗೆ ಮೂಳೆಗೊಬ್ಬರ ಹಾಕುವುದು ಹಳೆಯ ರೂಢಿ. ಅದರ ವಾಸನೆಗೆ ನಾಯಿ, ಸ್ಕಂಕ್, ರಕೂನ್‌ಗಳು ಬಂದು ಗೆಡ್ಡೆಯನ್ನೂ ಕೆದಕಿ ಎಸೆಯುತ್ತವೆ. ಹೊಸ ಗೆಡ್ಡೆಗೆ ಮೊದಲ ವರ್ಷದ ಆಹಾರ ಅದರೊಳಗೇ ಇರುವಾಗ ಗೊಬ್ಬರದ ಅವಸರವೂ ಇಲ್ಲ. ಇನ್ನು ನುಸಿಗುಳಿಗೆ. ಅದನ್ನು ತೋಟದಲ್ಲಿ ಚೆಲ್ಲುವುದು ಅಮೆರಿಕದಲ್ಲಿ ಕಾನೂನಿಗೆ ವಿರುದ್ಧ, ಮಣ್ಣಿಗೂ ಮಕ್ಕಳಿಗೂ ಕೆಟ್ಟದ್ದು. ಮನುಷ್ಯನ ಕಿವಿಗೆ ಕೇಳದ ಸದ್ದು ಹೊರಡಿಸಿ ಪ್ರಾಣಿ ಓಡಿಸುತ್ತೇವೆನ್ನುವ ಯಂತ್ರಗಳ ವಿಚಾರದಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲೇ 60ಕ್ಕೂ ಹೆಚ್ಚು ತಯಾರಕರಿಗೆ, ಮಾರಾಟಗಾರರಿಗೆ ಎಚ್ಚರಿಕೆಯ ಪತ್ರ ಕಳಿಸಿತ್ತು. ಮಾರಾಟ ಇನ್ನೂ ನಡೆದಿದೆ.

ಜಿಂಕೆಯ ಲೆಕ್ಕವೇ ಬೇರೆ, ಏಕೆಂದರೆ ಅದು ಗೆಡ್ಡೆಯನ್ನು ಮುಟ್ಟುವುದಿಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬೇಟೆಯಿಂದಾಗಿ ಐದು ಲಕ್ಷದ ಆಸುಪಾಸಿಗೆ ಕುಸಿದಿದ್ದ ಅಮೆರಿಕದ ಬಿಳಿಬಾಲದ ಜಿಂಕೆಗಳು ಈಗ ಅಂದಾಜು ಮೂರು ಕೋಟಿ. ತೋಳವಿಲ್ಲ, ಊರೊಳಗೆ ಕೋವಿ ಇಲ್ಲ, ಮನೆಮನೆಯಲ್ಲೂ ನೀರುಣಿಸಿ ಗೊಬ್ಬರ ಹಾಕಿದ ಮೇವು. ಅರಳುವ ಹಿಂದಿನ ರಾತ್ರಿ ಬಂದು ಟುಲಿಪ್ ಮೊಗ್ಗುಗಳನ್ನಷ್ಟೇ ಆಯ್ದು ತಿನ್ನುವುದು ಅವುಗಳ ವಿಶೇಷ. ಎಲೆಯನ್ನೂ ತಿಂದರೆ ನಷ್ಟ ಎರಡು ವರ್ಷದ್ದು. ಹೂವು ಮುಗಿದ ಮೇಲೆ ಆರೇಳು ವಾರ ಆ ಎಲೆಗಳು ಬಿಸಿಲುಂಡು ಗೆಡ್ಡೆಯನ್ನು ಮತ್ತೆ ತುಂಬಿಸಬೇಕು, ಇಲ್ಲದಿದ್ದರೆ ಮುಂದಿನ ವಸಂತಕ್ಕೆ ಒಂಟಿ ಎಲೆಯಷ್ಟೇ ಏಳುತ್ತದೆ. ಎಂಟು ಅಡಿ ಬೇಲಿ ಹಾಕಿದರೆ ಜಿಂಕೆ ನಿಲ್ಲುತ್ತದೆ, ಅದಕ್ಕಿಂತ ಗಿಡ್ಡದ್ದನ್ನು ಅದು ಹಾರಬಲ್ಲದು. ಮುಂಬಾಗಿಲ ಅಂಗಳಕ್ಕೆ ಎಂಟಡಿ ಬೇಲಿ ಹಾಕಲು ಬಡಾವಣೆಯ ನಿಯಮಗಳೂ ಒಪ್ಪುವುದಿಲ್ಲ, ಹಾಕಿದವರ ಮನೆ ಜೈಲಿನಂತೆಯೂ ಕಾಣುತ್ತದೆ.

ಕೆಲವು ದಿನಗಳ ಗಡುವು ಸಾಕಾಗುತ್ತದೆ ಎಂದು ಹೇಳಿದ್ದು ಇಲ್ಲಿಗೆ ಅನ್ವಯಿಸುತ್ತದೆ. ಕೊಳೆತ ಮೊಟ್ಟೆಯ ಅಂಶವುಳ್ಳ ಸಿಂಪಡಣೆಗಳನ್ನು ಜಿಂಕೆ ನಿಜಕ್ಕೂ ಹೇಸುತ್ತದೆ. ಮೊಳಕೆ ಎರಡು ಇಂಚು ಬಂದಾಗ ಒಮ್ಮೆ, ಮೊಗ್ಗು ಕಂಡಾಗ ಮತ್ತೊಮ್ಮೆ, ಜೋರು ಮಳೆಯಾದಾಗಲೆಲ್ಲ ಇನ್ನೊಮ್ಮೆ ಹೊಡೆದರೆ ಹೂವಿನ ಆ ಎರಡು ಮೂರು ವಾರಗಳನ್ನು ದಾಟಿಸಬಹುದು. ವರ್ಷವಿಡೀ ಕಾಯಬೇಕಾದ ಪೊದೆಗಿಡಕ್ಕೆ ಈ ಖರ್ಚು ತಾಳುವುದಿಲ್ಲ, ಟುಲಿಪ್‌ಗೆ ತಾಳುತ್ತದೆ. ಅತಿಥಿಗಳು ಬರುವ ದಿನ ಬೆಳಿಗ್ಗೆ ಹೊಡೆಯಬೇಡಿ.

ಹಿಡಿದು ದೂರ ಬಿಟ್ಟು ಬಂದರೆ ಪಾಪ ಬರುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಮೇರಿಲ್ಯಾಂಡಿನಲ್ಲಿ ನಗರದ 38 ಬೂದು ಅಳಿಲುಗಳನ್ನು ಹಿಡಿದು ಕಾಡಿನಲ್ಲಿ ಬಿಟ್ಟು ಹಿಂಬಾಲಿಸಿದ ಒಂದು ಅಧ್ಯಯನ 2004ರಲ್ಲಿ ಪ್ರಕಟವಾಯಿತು. 88 ದಿನಗಳೊಳಗೆ ಒಂದನ್ನು ಬಿಟ್ಟು ಉಳಿದೆಲ್ಲವೂ ಸತ್ತಿದ್ದವು ಅಥವಾ ಬಿಟ್ಟ ಜಾಗದಿಂದ ಕಣ್ಮರೆಯಾಗಿದ್ದವು. ಹಿಡಿದದ್ದರಿಂದ ತೆರವಾದ ಜಾಗಕ್ಕೆ ಮನೆಯ ಹಿಂದೆ ಹೊಸ ಅಳಿಲು ಬರಲು ವಾರವೂ ಬೇಡ. ಬ್ರಿಟನ್ನಿನಲ್ಲಂತೂ ಹಿಡಿದ ಬೂದು ಅಳಿಲನ್ನು ಮತ್ತೆ ಬಿಡುವುದೇ ಅಪರಾಧ. ಇಲಿಪಾಷಾಣದ ಕಥೆ ಇದಕ್ಕಿಂತ ಕೆಟ್ಟದ್ದು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಆ ವಿಷ ತಿಂದ ಇಲಿಯನ್ನು ಗೂಬೆ ತಿನ್ನುತ್ತದೆ. ಸೆಂಟ್ರಲ್ ಪಾರ್ಕಿನ ಮೃಗಾಲಯದಿಂದ 2023ರಲ್ಲಿ ತಪ್ಪಿಸಿಕೊಂಡು ಒಂದು ವರ್ಷ ನ್ಯೂಯಾರ್ಕಿನ ಕಣ್ಮಣಿಯಾಗಿದ್ದ ಫ್ಲಾಕೊ ಎಂಬ ಗೂಬೆ 2024ರ ಫೆಬ್ರವರಿಯಲ್ಲಿ ಸತ್ತಾಗ, ಅದರ ದೇಹದಲ್ಲಿ ಪಾರಿವಾಳದ ವೈರಸ್ಸಿನ ಜೊತೆಗೆ ನಾಲ್ಕು ಬಗೆಯ ಇಲಿಪಾಷಾಣಗಳೂ ಸಿಕ್ಕವು. ವೋಲ್‌ಗಳನ್ನು ಬಿಟ್ಟಿಯಾಗಿ ತಿಂದುಕೊಡುವ ಹಕ್ಕಿಯನ್ನೇ ಕೊಂದು ವೋಲ್‌ನಿಂದ ಗೆಡ್ಡೆ ಉಳಿಸಿಕೊಳ್ಳುತ್ತೇವೆನ್ನುವುದು ಎಲ್ಲಿಯ ಲೆಕ್ಕ?

ಇವೆಲ್ಲ ಶೋಕಿಯ ತೋಟದ ಮಾತು. ಗೆಡ್ಡೆಯೇ ಬದುಕಾದವರಿಗೆ ತಿನ್ನದ ಜಾತಿಯನ್ನು ನೆಡಿ ಎಂಬ ಸಲಹೆ ಉಪಯೋಗಕ್ಕೆ ಬರುವುದಿಲ್ಲ. ಕಾಶ್ಮೀರದ ಪಾಂಪೋರಿನ ಕೇಸರಿ ಹೊಲಗಳಲ್ಲಿ ಮುಳ್ಳುಹಂದಿ ರಾತ್ರಿ ಬಂದು ಗೆಡ್ಡೆ ಅಗೆದು ತಿನ್ನುತ್ತದೆಂದು ರೈತರು ವರ್ಷಗಳಿಂದ ಗೋಳಿಡುತ್ತಿದ್ದಾರೆ. ಕೇಸರಿಯೂ ಒಂದು ಕ್ರೋಕಸ್ಸೇ, ಅರಳುವುದು ಮಾತ್ರ ವಸಂತದ ಬದಲು ಅಕ್ಟೋಬರ್–ನವೆಂಬರ್‌ನಲ್ಲಿ. ಒಮ್ಮೆ ನೆಟ್ಟ ಗೆಡ್ಡೆ ಹಲವು ವರ್ಷ ನೆಲದಲ್ಲೇ ಇದ್ದು ಮರಿ ಹಾಕುತ್ತ ಹೋಗುವುದರಿಂದ, ತಿಂದ ಒಂದು ಗೆಡ್ಡೆಯ ಜೊತೆ ಮುಂದಿನ ವರ್ಷಗಳ ಹೂವೂ ಹೋಯಿತು. ಸುವರ್ಣಗೆಡ್ಡೆ, ಗೆಣಸು ಬೆಳೆದು ಮುಳ್ಳುಹಂದಿ, ಕಾಡುಹಂದಿಗಳಿಗೆ ಪಾಲು ಕೊಡುತ್ತಿರುವ ಮಲೆನಾಡಿನವರಿಗೆ ಇದು ಅರ್ಥವಾಗುತ್ತದೆ. ಪಾಂಪೋರಿನಿಂದ ಅನತಿ ದೂರದಲ್ಲಿ, ಜಬರ್‌ವಾನ್ ಬೆಟ್ಟದ ಬುಡದಲ್ಲಿ, ಶ್ರೀನಗರದ ಟುಲಿಪ್ ತೋಟವಿದೆ. ಏಪ್ರಿಲ್‌ನಲ್ಲಿ ಕರ್ನಾಟಕದಿಂದ ಹೋಗುವ ಪ್ರವಾಸಿ ತಂಡಗಳು ಅಲ್ಲಿ ಫೋಟೋ ತೆಗೆಸಿಕೊಳ್ಳದೆ ಬರುವುದಿಲ್ಲ. ಇಂಥ ದೊಡ್ಡ ತೋಟಗಳ ಅರ್ಥಶಾಸ್ತ್ರ ಬೇರೆ. ಹಾಲೆಂಡಿನ ಕ್ಯೂಕೆನ್‌ಹಾಫ್‌ನಲ್ಲಿ ಪ್ರತಿ ಶರತ್ಕಾಲ ಸುಮಾರು 70 ಲಕ್ಷ ಗೆಡ್ಡೆಗಳನ್ನು ಹೊಸದಾಗಿ ನೆಡುತ್ತಾರೆ. ಸೇವಂತಿಗೆಯಂತೆ ಟುಲಿಪ್ಪನ್ನೂ ಒಂದು ಋತುವಿನ ಗಿಡವೆಂದು ಒಪ್ಪಿಕೊಂಡರೆ ಅಳಿಲು ತಿಂದದ್ದು ಖರ್ಚಿನ ಪುಸ್ತಕದ ಒಂದು ಸಾಲು ಮಾತ್ರ.

ಕೊನೆಯದಾಗಿ, ಡ್ಯಾಫೊಡಿಲ್ ನೆಟ್ಟು ನಿಶ್ಚಿಂತೆಯಾಗಿರುವವರಿಗೂ ಒಬ್ಬ ಗಿರಾಕಿ ಇದ್ದಾನೆ. ದುಂಬಿಯ ವೇಷ ಹಾಕಿದ ಒಂದು ನೊಣ, ನಾರ್ಸಿಸಸ್ ನೊಣ. ಅಳಿಲು, ವೋಲ್, ಜಿಂಕೆಯನ್ನೆಲ್ಲ ದೂರವಿಟ್ಟ ವಿಷ ಇದಕ್ಕೆ ತಾಗುವುದಿಲ್ಲ. ಮೇ–ಜೂನ್‌ನ ಬಿಸಿಲಿನಲ್ಲಿ, ಎಲೆ ಬಾಡಿ ಮಣ್ಣಿನಲ್ಲಿ ತೂತು ಉಳಿದಾಗ, ಅದು ಬುಡದಲ್ಲಿ ಮೊಟ್ಟೆ ಇಟ್ಟು ಹೋಗುತ್ತದೆ. ಮರಿ ಗೆಡ್ಡೆಯೊಳಗೆ ಹೊಕ್ಕು ತಿರುಳನ್ನೆಲ್ಲ ತಿನ್ನುತ್ತದೆ, ಮುಂದಿನ ವರ್ಷ ಹೂವಿನ ಬದಲು ಹುಲ್ಲಿನಂಥ ನಾಲ್ಕು ಎಲೆ. ವ್ಯಾಪಾರಕ್ಕೆ ಬೆಳೆಯುವವರು ಗೆಡ್ಡೆಗಳನ್ನು ಸುಮಾರು 44 ಡಿಗ್ರಿ ಬಿಸಿನೀರಿನಲ್ಲಿ ಮೂರು ಗಂಟೆ ಇಟ್ಟು ಹುಳು ಸಾಯಿಸುತ್ತಾರೆ. ಮನೆಯಲ್ಲಿ ಅದು ಆಗದ ಕೆಲಸ. ಬಾಡಿದ ಎಲೆ ತೆಗೆದ ಕೂಡಲೇ ಮಣ್ಣೆಳೆದು ತೂತು ಮುಚ್ಚಬಹುದು, ಗಾಳಿಯಾಡುವ ಅರೆನೆರಳಿನ ಜಾಗ ಆರಿಸಬಹುದು. ಅಂಗಡಿಯಲ್ಲಿ ಕೊಳ್ಳುವಾಗ ಒಂದೊಂದು ಗೆಡ್ಡೆಯ ಕತ್ತನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿ, ಮೆತ್ತಗಿದ್ದದ್ದನ್ನು ಅಲ್ಲೇ ಬಿಟ್ಟು ಬನ್ನಿ.